ನಿಮಗಿದು ಗೊತ್ತೇ? ದೇವರಿಗೆ ಕಳುವಿನ ದೂರು, ಮಣ್ಣಿನ ಮನೆ

● ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ನರ ಕಾಲದ ಸುಮಾರು 130 ತಗಡುಗಳು ಸಿಕ್ಕಿವೆ. ಸೀಸದ ಅಥವಾ ಸೀಸ ಬೆರೆತ ತೆಳು ತಗಡುಗಳವು. ಸುಲಿಸ್ ಮಿನರ್ವಾ ದೇವತೆಗೆ ಜನ ಗೀಚಿ ಹಾಕಿದ ದೂರುಗಳು ಅವುಗಳಲ್ಲಿವೆ. ಹೆಚ್ಚಿನವು ಕಳ್ಳತನದ್ದೇ. ಡೊಸಿಲಿಯಾನಸ್ ಎಂಬಾತನ ನಿಲುವಂಗಿ ಕಳುವಾಗಿತ್ತು. ಕದ್ದವರು ಗಂಡಾಗಲಿ ಹೆಣ್ಣಾಗಲಿ, ಗುಲಾಮರಾಗಲಿ ಅಲ್ಲದವರಾಗಲಿ, ಅದನ್ನು ಗುಡಿಗೆ ತಂದೊಪ್ಪಿಸುವ ತನಕ ಅವರಿಗೆ ನಿದ್ದೆಯೂ ಬೇಡ, ಮಕ್ಕಳೂ ಬೇಡ ಎಂದು ಅವನ ಮೊರೆ. ಕಳೆದ ವಸ್ತು ಸಿಗಲೆಂದು ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದ ಹರಕೆ ಹೊರುವ ತುಳುನಾಡಿನವರಿಗೆ ಡೊಸಿಲಿಯಾನಸ್‌ನ ಸಂಕಟ ತಟ್ಟನೆ ಅರ್ಥವಾಗುತ್ತದೆ.

● ಬೇಡಿದ್ದನ್ನೇ ಮಣ್ಣಿನಲ್ಲಿ ಮಾಡಿಸಿ ಒಪ್ಪಿಸುವ ಜಾಗ ತುಳುನಾಡಿನ ಉಜಿರೆಯ ಹತ್ತಿರವೇ ಇದೆ: ಸುರ್ಯದ ಸದಾಶಿವ ರುದ್ರ ದೇವಸ್ಥಾನ. ಮನೆ ಬೇಕಾದವರು ಮಣ್ಣಿನ ಮನೆ, ಸಂತಾನ ಬೇಕಾದವರು ಮಣ್ಣಿನ ಮಗು, ಕಾಲುನೋವಿನವರು ಮಣ್ಣಿನ ಕಾಲು ಕೊಡುತ್ತಾರೆ. ಈಗೀಗ ಕಾರು, ಕಂಪ್ಯೂಟರೂ ಬರುತ್ತಿವೆ. ಪೂಜೆಯಾದ ಮೇಲೆ ಎಲ್ಲವೂ ಹರಕೆ ಬನಕ್ಕೆ ಸೇರುತ್ತವೆ. ಮರಗಳ ಬುಡದಲ್ಲಿ ರಾಶಿ ಬಿದ್ದಿರುವ ಆ ಗೊಂಬೆಗಳಲ್ಲಿ ಒಂದಿಡೀ ಸೀಮೆಯ ಆಸೆಗಳನ್ನು ಓದಬಹುದು. ಚಿನ್ನದ ಕಿರೀಟ ಕೊಟ್ಟವರ ಸಿರಿತನವನ್ನು ಹೇಳುತ್ತದೆ. ಮಣ್ಣಿನ ಗೊಂಬೆ ಕೊಟ್ಟವರ ಬದುಕನ್ನೇ ಹೇಳುತ್ತದೆ.

● ಗ್ರೀಸಿನ ಕೊರಿಂತ್‌ನಲ್ಲೂ ಇದೇ ಪದ್ಧತಿಯಿತ್ತು. ಅಲ್ಲಿನ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿಯಲ್ಲಿ ಸುಟ್ಟ ಮಣ್ಣಿನ ಕೈ, ಕಾಲು, ಕಿವಿ, ಸ್ತನಗಳು ಅಗೆದಾಗ ಸಿಕ್ಕಿವೆ. ನಮ್ಮಲ್ಲೂ ವೇಳಾಂಕಣ್ಣಿ ಮಾತೆಗೆ ಇಂದಿಗೂ ಲೋಹದ ಪುಟ್ಟ ಕೈಕಾಲುಗಳು ಸಲ್ಲುತ್ತವೆ.

● ಪ್ರಾಚೀನ ಈಜಿಪ್ಟಿನಲ್ಲಿ ಥಾತ್ ದೇವರಿಗೆ ಐಬಿಸ್ ಹಕ್ಕಿಯ ಮಮ್ಮಿ ಅರ್ಪಿಸುತ್ತಿದ್ದರು, ಅದೂ ಲಕ್ಷಗಟ್ಟಲೆ. ಮ್ಯಾಂಚೆಸ್ಟರಿನ ಸಂಶೋಧಕರು ನೂರಾರು ಪ್ರಾಣಿ ಮಮ್ಮಿಗಳನ್ನು ಸ್ಕ್ಯಾನ್ ಮಾಡಿದಾಗ ಸುಮಾರು ಮೂರರಲ್ಲಿ ಒಂದರಲ್ಲಿ ಪ್ರಾಣಿಯ ಅಸ್ಥಿಯೇ ಇರಲಿಲ್ಲ. ಕೆಸರು, ಕಡ್ಡಿ, ಗರಿ, ಮೊಟ್ಟೆಯ ಚಿಪ್ಪು ಮಾತ್ರ ಇದ್ದವು. ಇದು ಮೋಸವೇ ಆಗಬೇಕಿಲ್ಲ. ಹಕ್ಕಿ ಪವಿತ್ರವಾದರೆ ಅದರ ಗೂಡಿನ ಕಡ್ಡಿಯೂ ಪವಿತ್ರ ಎಂಬ ನಂಬಿಕೆ ಇದ್ದಿರಬಹುದು ಎನ್ನುತ್ತಾರೆ ಸಂಶೋಧಕರು.

● ನಾಣ್ಯ ಹಾಕಿದರೆ ತೀರ್ಥ ಸುರಿಸುವ ಯಂತ್ರವನ್ನು ಅಲೆಕ್ಸಾಂಡ್ರಿಯಾದ ಹೀರೋ ಎಂಬಾತ ಕ್ರಿ.ಶ. 1ನೇ ಶತಮಾನದಲ್ಲೇ ವಿವರಿಸಿದ್ದ!

● ಗುಡಿಯಲ್ಲದ ಕಡೆಯೂ ಕಾಣಿಕೆ ಬೀಳುತ್ತದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ನಿಂತ ವಿಯೆಟ್ನಾಂ ಯೋಧರ ಸ್ಮಾರಕದ ಕಪ್ಪು ಗೋಡೆಯ ಬುಡದಲ್ಲಿ ಜನ ಪತ್ರ, ಬೂಟು, ಪದಕ ಇಟ್ಟು ಹೋಗುತ್ತಾರೆ. ಒಮ್ಮೆ ಒಂದು ಹಾರ್ಲೆ ಡೇವಿಡ್ಸನ್ ಬೈಕನ್ನೇ ಬಿಟ್ಟುಹೋಗಿದ್ದರು.

● ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಮಾರ್ನಿಂಗ್ ಗ್ಲೋರಿ ಬಿಸಿನೀರ ಕೊಳ ಒಂದು ಕಾಲಕ್ಕೆ ಕಡುನೀಲಿ. ಪ್ರವಾಸಿಗರು ಎಸೆದ ನಾಣ್ಯ, ಕಸದಿಂದ ಬುಗ್ಗೆಯ ಬಾಯಿ ಕಟ್ಟಿ ನೀರಿನ ಬಿಸಿ ತಗ್ಗಿತು. ಅಂಚಿನಿಂದ ಹಸಿರು, ಹಳದಿ ಬಣ್ಣ ಒಳಗೆ ಹಬ್ಬಿತು. ನಮ್ಮ ಹೊಳೆಗಳಾದ ಕುಮಾರಧಾರೆಯಲ್ಲೋ ನೇತ್ರಾವತಿಯಲ್ಲೋ ಮಿಂದ ಮೇಲೆ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ, ಈ ಸಲ ದಯವಿಟ್ಟು ಆ ಬಟ್ಟೆಯನ್ನು ಮನೆಗೆ ವಾಪಸು ತನ್ನಿ.