ಕತ್ತಿಯಿಲ್ಲದ ಧೈರ್ಯ



ಕಳೆದ ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆ ನಿಮಗೆ ನೆನಪಿರಬೇಕು. ಒಂದೇ ವೇದಿಕೆಯ ಮೇಲೆ ಮೂವರು ಕಿತ್ತೂರು ಚೆನ್ನಮ್ಮ, ಇಬ್ಬರು ಒನಕೆ ಓಬವ್ವ! ರಟ್ಟಿನ ಕತ್ತಿಗಳಿಗೆ ಬೆಳ್ಳಿ ಕಾಗದ ಅಂಟಿಸಿ ನಮ್ಮ ಕೈಯೆಲ್ಲ ಗೋಂದು. ಪರದೆಯ ಹಿಂದೆ ಒಬ್ಬ ಪುಟ್ಟ ಚೆನ್ನಮ್ಮ ನನ್ನ ಸೆರಗು ಜಗ್ಗಿ, "ಆಂಟಿ, ಈಗ ಕತ್ತಿ ಹಿಡಿಯೋ ಹಾಗಿಲ್ಲವಲ್ಲ, ಮತ್ತೆ ನಾವು ಧೈರ್ಯ ತೋರಿಸೋದು ಹೇಗೆ?" ಎಂದು ಕೇಳಿದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಉತ್ತರ ಅಲ್ಲಿಗೇ ಉಳಿಯಿತು. ಅದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಚೆನ್ನಮ್ಮನ ಬಗ್ಗೆಯೇ ಒಂದು ಮಾತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ್ದು, ಥ್ಯಾಕರೆ ಹತನಾದದ್ದು ನಿಮಗೆಲ್ಲ ಗೊತ್ತು. ಡಿಸೆಂಬರಿನಲ್ಲಿ ಕೋಟೆ ಬಿತ್ತು. 1829ರಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದರು. ಆದರೆ ಯುದ್ಧಕ್ಕೂ ಮೊದಲು ಆಕೆ ಮಾಡಿದ ಕೆಲಸವನ್ನು ನಾವು ನಾಟಕದಲ್ಲಿ ತೋರಿಸುವುದೇ ಇಲ್ಲ. ತನ್ನ ದತ್ತುಪುತ್ರನ ಹಕ್ಕನ್ನು ಒಪ್ಪಬೇಕೆಂದು ಆಕೆ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿ ನ್ಯಾಯ ಕೇಳಿದ್ದರು. ಕೇಳಿದ್ದು ಮೊದಲು, ಕತ್ತಿ ಆಮೇಲೆ.

ಈಗ ನಮ್ಮ ಅಬಿಡ್ಸ್‌ಗೆ ಬನ್ನಿ. ಪುಸ್ತಕ, ಬಟ್ಟೆ ಅಂತ ನೀವು ಇಲ್ಲಿಗೆ ಎಷ್ಟೋ ಸಲ ಬಂದಿದ್ದೀರಿ. ನಾಂಪಲ್ಲಿ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ 'ಗೋಲ್ಡನ್ ಥ್ರೆಶೋಲ್ಡ್' ಎಂಬ ಹಳೆಯ ಮನೆ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಹೊನ್ನಿನ ಹೊಸ್ತಿಲು'. ಸರೋಜಿನಿ ನಾಯ್ಡು ಅವರ 1905ರ ಕವನ ಸಂಕಲನದ ಹೆಸರೇ ಮನೆಗೂ ಬಂದಿದೆ. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಶುರುವಾದಾಗ ಕೆಲಸ ನಡೆದದ್ದು ಇಲ್ಲಿಂದಲೇ. ಬಿ.ಎ.ಯಲ್ಲಿ ಸರೋಜಿನಿಯವರ ಕವಿತೆ ಓದಿದ್ದ ನಾನು, ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಆ ಗೇಟಿನ ಮುಂದೆ ಸುಮ್ಮನೆ ನಿಂತದ್ದುಂಟು.

ಈ ಮನೆತನಕ್ಕೆ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳು ಸೊಸೆಯಾದಳೆಂಬುದು ನಿಮಗೆ ಗೊತ್ತೇ? ಕಮಲಾದೇವಿ ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಏಳನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿ ತಿಂಗಳ ಜೀವನಾಂಶವನ್ನು ಬೇಡವೆಂದು, ತಮ್ಮ ತವರಿನಿಂದ ಬಂದದ್ದರಲ್ಲೇ ಮಕ್ಕಳನ್ನು ಬೆಳೆಸಿದರು. ಕಮಲಾದೇವಿಗೆ ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವೈಧವ್ಯವೂ ಬಂತು. ಆದರೂ ಓದು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿಯವರ ತಂಗಿ ಸುಹಾಸಿನಿಯ ಪರಿಚಯವಾಯಿತು. ಮುಂದೆ ಅವರ ಸಹೋದರ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ವಿಧವೆಗೆ ಮರುಮದುವೆ ಅಂದರೆ ಅಂದು ಊರೆಲ್ಲ ಆಡಿಕೊಳ್ಳುವ ಕಾಲ. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ನಮ್ಮ ದೇಶದಲ್ಲಿ ಹಾಗೆ ಚುನಾವಣೆಗೆ ನಿಂತ ಮೊದಲ ಮಹಿಳೆ ಆಕೆ.

ನಾನು ಹೇಳಬೇಕಾದ ಘಟನೆ 1930ರದು. ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹಕ್ಕೆ ಸಾಬರಮತಿಯಿಂದ ಹೊರಟ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿ ನೇರವಾಗಿ ಅವರ ಬಳಿಗೆ ಹೋಗಿ, ಹೆಂಗಸರನ್ನು ಏಕೆ ಬಿಟ್ಟಿರಿ, ನಾವೂ ಬರುತ್ತೇವೆ ಎಂದು ವಾದಿಸಿದರು. ಇಡೀ ದೇಶ ಕೈಮುಗಿಯುತ್ತಿದ್ದ ಮನುಷ್ಯನ ಮುಂದೆ ಇಪ್ಪತ್ತಾರು ವರ್ಷದ ಹೆಣ್ಣುಮಗಳು! ಗಾಂಧೀಜಿ ಒಪ್ಪಿದರು. ಕಮಲಾದೇವಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಅದೇ ಮೇ ತಿಂಗಳಲ್ಲಿ ಧಾರಾಸಣದ ಉಪ್ಪಿನ ಕೋಠಿಯ ಮುಂದೆ ಸತ್ಯಾಗ್ರಹಿಗಳನ್ನು ಮುನ್ನಡೆಸಿದವರು ನಮ್ಮ ಅಬಿಡ್ಸ್‌ನ ಸರೋಜಿನಿ. ನೋಡಿ, ಅತ್ತಿಗೆ ನಾದಿನಿಯರಿಬ್ಬರ ಕೈಯಲ್ಲೂ ಕತ್ತಿ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕಮಲಾದೇವಿ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟಿಕೊಡಲು ದುಡಿದರು. ಆಮೇಲೆ 1988ರಲ್ಲಿ ತೀರಿಕೊಳ್ಳುವವರೆಗೂ ಕರಕುಶಲಕರ್ಮಿಗಳ, ನೇಕಾರರ ಪರವಾಗಿ ನಿಂತರು.

ಇನ್ನು ನನ್ನ ಮಾತು. ಮದುವೆಯಾದ ಎರಡನೆಯ ವರ್ಷ ಹತ್ತಿರದ ಒಂದು ಶಾಲೆಗೆ ಇಂಗ್ಲಿಷ್ ಟೀಚರ್ ಬೇಕೆಂದು ತಿಳಿಯಿತು. ಅರ್ಜಿ ಬರೆದೆ. ಮನೆಯಲ್ಲಿ ಕೇಳಲು ಧೈರ್ಯ ಬರಲಿಲ್ಲ. ಅರ್ಜಿಯನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟೆ. ಇಪ್ಪತ್ತು ವರ್ಷ ಕಳೆದ ಮೇಲೆ ಟ್ರಂಕು ಝಾಡಿಸುವಾಗ ಅದು ನಮ್ಮ ಅತ್ತೆಯವರ ಕೈಗೆ ಸಿಕ್ಕಿತು. ಓದಿಸಿಕೊಂಡು, "ಕೇಳಿದ್ದರೆ ನಾನೇನು ಬೇಡ ಅಂತಿದ್ದೆನೇನೇ?" ಅಂದರು. ಇಷ್ಟು ವರ್ಷ ಮನಸ್ಸಿನಲ್ಲೇ ಅವರನ್ನು ದೂರಿಕೊಂಡಿದ್ದೆ. ಆವತ್ತು ನನಗೆ ಮಾತೇ ಹೊರಡಲಿಲ್ಲ. ಬೇಡ ಅಂದವರು ಯಾರೂ ಇರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಕೇಳದಿದ್ದರೆ ಅಮ್ಮನೂ ಅನ್ನ ಬಡಿಸಳು ಎಂದು ನಮ್ಮ ತೆಲುಗು ನೆರೆಯವರು ಹೇಳುವುದು ಸುಳ್ಳಲ್ಲ.

ಎಲ್ಲರ ಮನೆಯಲ್ಲೂ ಕೇಳಿದ ಕೂಡಲೇ ಹೂಂ ಅನ್ನುತ್ತಾರೆಂದು ನಾನು ಹೇಳಲಾರೆ. ಚೆನ್ನಮ್ಮನಿಗೂ ಇಲ್ಲವೆಂದೇ ಉತ್ತರ ಬಂತು. ಆದರೂ ಕೇಳಿ. ಬೇರೆ ಊರಿನಲ್ಲಿ ಓದಬೇಕೆಂದಿದ್ದರೆ, ಈಗಲೇ ಮದುವೆ ಬೇಡವೆಂದಿದ್ದರೆ, ಬಸ್ಸಿನಲ್ಲಿ ಯಾರೋ ಕೀಟಲೆ ಮಾಡಿದ್ದರೆ, ನುಂಗಿಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ. ಒಂದು ಸಲ ಇಲ್ಲವೆಂದರೆ ಕಾರಣ ಕೇಳಿ, ಮತ್ತೆ ಹೇಳಿ. ಗಂಡುಮಕ್ಕಳೇ, ನಿಮ್ಮ ಅಕ್ಕತಂಗಿಯರು ಹೀಗೆ ಕೇಳುವಾಗ ಮೊಬೈಲು ಕೆಳಗಿಟ್ಟು ಅವರ ಪಕ್ಕದಲ್ಲಿ ನಿಲ್ಲಿ.

ಪುಟ್ಟ ಚೆನ್ನಮ್ಮಾ, ನಿನ್ನ ಪ್ರಶ್ನೆಗೆ ಇದೇ ನನ್ನ ಉತ್ತರ. ಪರದೆಯ ಹಿಂದೆ ಅಷ್ಟು ಗದ್ದಲದಲ್ಲೂ ನನ್ನ ಸೆರಗು ಜಗ್ಗಿ ಕೇಳಿದೆಯಲ್ಲ, ಅದನ್ನು ಬಿಡಬೇಡ. ಮುಂದಿನ ರಾಜ್ಯೋತ್ಸವಕ್ಕೆ ಯಾರಾದರೂ ಕಮಲಾದೇವಿಯ ವೇಷ ಹಾಕುವುದಾದರೆ ಕೈಮಗ್ಗದ ಸೀರೆ ಉಡಿಸುವ ಕೆಲಸ ನನ್ನದು. ಗೋಂದಿನ ಗಲಾಟೆಯೂ ಇಲ್ಲ. ಕೈಯಲ್ಲಿ ಒಂದು ಹಿಡಿ ಉಪ್ಪು ಇದ್ದರೆ ಸಾಕು.