ಗಣಕಯಂತ್ರದಲ್ಲಿ ಕಾಲದ ಹಂಚಿಕೆ

ಗಣಕಯಂತ್ರವು ಏಕಕಾಲದಲ್ಲಿ ನೂರಾರು ಕೆಲಸಗಳನ್ನು ಮಾಡುತ್ತದೆಂಬುದು ಲೋಕದ ನಂಬಿಕೆ. ವಸ್ತುತಃ ಒಂದು ಪ್ರೊಸೆಸರು ಒಂದು ಕ್ಷಣದಲ್ಲಿ ನಡೆಸಬಲ್ಲುದು ಸಾಮಾನ್ಯವಾಗಿ ಒಂದೇ ಕೆಲಸವನ್ನು. ಒಂದರಿಂದ ಇನ್ನೊಂದಕ್ಕೆ ಅದು ಅತಿ ಶೀಘ್ರವಾಗಿ ಹೊರಳುವುದರಿಂದ ಎಲ್ಲವೂ ಒಟ್ಟಿಗೆ ಸಾಗಿದಂತೆ ತೋರುವುದು. ಯಾವುದಕ್ಕೆ, ಯಾವಾಗ, ಎಷ್ಟು ಹೊತ್ತು ಅವಕಾಶವೆಂಬುದನ್ನು ನಿರ್ಣಯಿಸುವ ಆಪರೇಟಿಂಗ್ ಸಿಸ್ಟಮಿನ ಅಂಗಕ್ಕೆ ಶೆಡ್ಯೂಲರ್ ಎಂದು ಹೆಸರು. ಬಡಿಸುವವನ ಕ್ರಮ ಬದಲಾದರೆ, ಅಡಿಗೆ ಅದೇ ಆಗಿದ್ದರೂ ಪಂಕ್ತಿಯಲ್ಲಿ ಕುಳಿತವರ ಅನುಭವ ಬದಲಾಗುವುದಷ್ಟೆ.

ಇಲ್ಲಿರುವ ಮೂಲ ಸಮಸ್ಯೆಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಐದು ಕೆಲಸಗಳಿಗೆ ತಲಾ 100 ಮಿಲಿಸೆಕೆಂಡಿನ ಸರದಿಯಿದ್ದರೆ, ಒಂದು ಕೆಲಸವು ಮಿಕ್ಕ ನಾಲ್ಕಕ್ಕಾಗಿ 400 ಮಿಲಿಸೆಕೆಂಡು ಕಾಯಬೇಕಾದೀತು. ಒತ್ತಿದ ಅಕ್ಷರವು ತಡವಾಗಿ ಮೂಡುವುದು. ಸರದಿಯನ್ನು 10 ಮಿಲಿಸೆಕೆಂಡಿಗೆ ಇಳಿಸಿದರೆ ಕಾಯುವ ಕಾಲ 40ಕ್ಕೆ ಇಳಿಯುವುದು. ಆದರೆ ಹೊರಳುವಿಕೆ ಹತ್ತು ಮಡಿಯಾಗುವುದು. ಪ್ರತಿ ಹೊರಳಿಗೂ ವೆಚ್ಚವುಂಟಾದುದರಿಂದ ಒಟ್ಟು ಕೆಲಸ ಕುಂದುವುದು. ಶೀಘ್ರ ಸ್ಪಂದನ, ಅಧಿಕ ಉತ್ಪಾದನೆ ಇವೆರಡೂ ಒಂದೇ ಹಿಡಿತಕ್ಕೆ ಪೂರ್ಣವಾಗಿ ಸಿಗತಕ್ಕವಲ್ಲ.

ಈ ವಿಷಯಕ್ಕೆ ಲಿನಕ್ಸಿನ ಇತಿಹಾಸವು ಉತ್ತಮ ನಿದರ್ಶನ. 2003ರಲ್ಲಿ ಹೊರಬಂದ ಅದರ 2.6ನೆಯ ಆವೃತ್ತಿಯಲ್ಲಿ ಇಂಗೋ ಮೋಲ್ನಾರ್ ರಚಿಸಿದ ಶೆಡ್ಯೂಲರ್ ಇದ್ದಿತು. ಕೆಲಸಗಳೆಷ್ಟೇ ಇರಲಿ, ಮುಂದಿನದನ್ನು ಆರಿಸಲು ತಗಲುವ ಕಾಲ ಒಂದೇ ಎಂಬುದು ಅದರ ಹಿರಿಮೆ. ಅದರಲ್ಲಿ ಎರಡು ಪಂಕ್ತಿಗಳು: ಪಾಲು ಉಳಿದವರದು ಒಂದು, ಪಾಲು ತೀರಿದವರದು ಇನ್ನೊಂದು. ಮೊದಲನೆಯದು ಬರಿದಾದೊಡನೆ ಎರಡೂ ಅದಲುಬದಲಾಗುತ್ತಿದ್ದವು. ಯಾವ ಕೆಲಸ ಬಳಕೆದಾರನೊಡನೆ ವ್ಯವಹರಿಸುತ್ತಿದೆಯೆಂಬುದನ್ನು ಅದು ಎಷ್ಟು ಹೊತ್ತು ನಿದ್ರಿಸಿತೆಂಬುದರಿಂದ ಊಹಿಸಿ, ಅದಕ್ಕೆ ಅನುಗ್ರಹ ತೋರಲಾಗುತ್ತಿತ್ತು. ಊಹೆ ತಪ್ಪಿದಾಗ ಅನುಗ್ರಹವು ಅಪಾತ್ರಕ್ಕೆ ಸಲ್ಲುತ್ತಿತ್ತು.

ಇನ್ನೊಂದು ಲೋಪವೂ ಅದರಲ್ಲಿ ಇದ್ದಿತು. ಕೆಲಸವು ಇತರರಿಗೆ ಎಷ್ಟು ದಾರಿ ಬಿಡಬೇಕೆಂಬುದನ್ನು ಸೂಚಿಸುವ ‘ನೈಸ್’ ಎಂಬ ಅಂಕವು -20ರಿಂದ 19ರವರೆಗೆ ಇರುವುದು. ಆ ಪದ್ಧತಿಯಲ್ಲಿ ಅಂಕ 0ಕ್ಕೆ 100 ಮಿಲಿಸೆಕೆಂಡು, 1ಕ್ಕೆ 95, ಭೇದವು ಅತ್ಯಲ್ಪ. ಅಂಕ 18ಕ್ಕೆ 10, 19ಕ್ಕೆ 5. ಇಲ್ಲಿ ಇಮ್ಮಡಿ ಭೇದ. ಒಂದೇ ಮೆಟ್ಟಿಲು ಒಂದೆಡೆ ಗೇಣಷ್ಟು, ಮತ್ತೊಂದೆಡೆ ಆಳೆತ್ತರ! ಇದು ಪಂಕ್ತಿಭೇದವಲ್ಲದೆ ಮತ್ತೇನು?

ವೃತ್ತಿಯಿಂದ ಅರಿವಳಿಕೆ ವೈದ್ಯರಾದ ಆಸ್ಟ್ರೇಲಿಯದ ಕಾನ್ ಕೊಲಿವಾಸ್, ಊಹೆಯನ್ನು ಬಿಟ್ಟು ಸಮಪಾಲನ್ನೇ ನಿಯಮವಾಗಿಸಬಹುದೆಂದು ತಮ್ಮ ರಚನೆಗಳಿಂದ ತೋರಿಸಿದರು. ಮೋಲ್ನಾರ್ ಆ ತತ್ತ್ವದ ಋಣವನ್ನು ಒಪ್ಪಿಕೊಂಡು ಬೇರೊಂದು ಶೆಡ್ಯೂಲರನ್ನು ಬರೆದರು; ‘ಸಂಪೂರ್ಣ ನ್ಯಾಯದ ಶೆಡ್ಯೂಲರ್’ ಎಂಬರ್ಥದ ಹೆಸರಿನ ಅದು 2007ರ ಅಕ್ಟೋಬರಿನಲ್ಲಿ 2.6.23ನೆಯ ಆವೃತ್ತಿಯೊಡನೆ ಬಂದಿತು. ಪ್ರತಿ ಕೆಲಸವೂ ಪಡೆದ ಕಾಲಕ್ಕೆ ಒಂದು ಖಾತೆ. ಅತಿ ಕಡಿಮೆ ಪಡೆದುದಕ್ಕೆ ಮುಂದಿನ ಸರದಿ. ನೈಸ್ ಅಂಕದ ಪ್ರತಿ ಮೆಟ್ಟಿಲೂ ಸುಮಾರು 1.25ರ ಅನುಪಾತವನ್ನೇ ಸೂಚಿಸುವುದು. ಅಂಕ 0 ಮತ್ತು 1ರ ಎರಡು ಕೆಲಸಗಳು ಕಾಲವನ್ನು ಸುಮಾರು ನೂರಕ್ಕೆ 55 ಮತ್ತು 45ರಂತೆ ಹಂಚಿಕೊಳ್ಳುವುವು. 18 ಮತ್ತು 19 ಆದರೂ ಹಾಗೆಯೇ.

ಆದರೆ ನ್ಯಾಯವಾದ ಮಾರ್ಪಾಡಿನಿಂದಲೂ ಕೆಲವರಿಗೆ ತೊಂದರೆ ತಪ್ಪಲಿಲ್ಲ. ‘ನನ್ನ ಸರದಿಯನ್ನು ಬಿಟ್ಟುಕೊಡುತ್ತೇನೆ’ ಎಂದು ಕೆಲಸವೊಂದು ತಿಳಿಸುವ ‘ಶೆಡ್ ಯೀಲ್ಡ್’ ಎಂಬ ಕರೆಯುಂಟು. ಹಳೆಯ ಪದ್ಧತಿಯಲ್ಲಿ ಹಾಗೆಂದ ಕೆಲಸವು ಪಾಲು ತೀರಿದವರ ಪಂಕ್ತಿಗೆ ಹೋಗುತ್ತಿತ್ತು; ಹೊಸದರಲ್ಲಿ ಅದರ ಸ್ಥಾನವನ್ನು ಖಾತೆಯೇ ನಿರ್ಣಯಿಸುತ್ತಿದ್ದುದರಿಂದ ಅದೇ ಮರುಕ್ಷಣ ಮತ್ತೆ ಆಯ್ಕೆಯಾಗಬಹುದಾಗಿತ್ತು. ಹಳೆಯ ನಡೆಯನ್ನು ನಂಬಿ ಬರೆದ ಕೆಲವು ಕಾರ್ಯಕ್ರಮಗಳು ಇದರಿಂದ ನಿಧಾನಗೊಂಡವು. ಹಳೆಯ ನಡೆಗೆ ಹತ್ತಿರವಾದ ಕ್ರಮವನ್ನು ಬೇಕಾದವರು ಆರಿಸಿಕೊಳ್ಳುವಂತೆ ಒಂದು ಹೊಂದಾಣಿಕೆಯ ಸೌಲಭ್ಯವನ್ನೂ ಆಗ ಕಲ್ಪಿಸಬೇಕಾಯಿತು. ಸಾಮಾನ್ಯ ಕೆಲಸಗಳ ವಿಷಯದಲ್ಲಿ ಆ ಕರೆಗೆ ನಿಶ್ಚಿತ ಫಲವನ್ನು ಯಾರೂ ವಾಗ್ದಾನ ಮಾಡಿರಲಿಲ್ಲ. ಬರೆಯದ ರೂಢಿಯನ್ನು ಬರೆದ ಒಪ್ಪಂದವೆಂದು ಭಾವಿಸಿದುದೇ ದೋಷ.

2023ರ ಅಕ್ಟೋಬರಿನಲ್ಲಿ ಬಂದ 6.6ನೆಯ ಆವೃತ್ತಿಯು ಇನ್ನೊಂದು ಹೆಜ್ಜೆಯನ್ನಿಟ್ಟಿತು. ಅಯೋನ್ ಸ್ಟೋಯಿಕಾ ಮತ್ತು ಹುಸೇನ್ ಅಬ್ದುಲ್ ವಹಾಬ್ 1995ರಲ್ಲಿ ನಿರೂಪಿಸಿದ ಕ್ರಮವನ್ನು ಅದು ಅಂಗೀಕರಿಸಿತು. ನ್ಯಾಯವಾಗಿ ಸಲ್ಲಬೇಕಾದ ಪಾಲಿಗಿಂತ ಹೆಚ್ಚು ಪಡೆಯದಿರುವವರಷ್ಟೇ ಅರ್ಹರು. ಅವರಲ್ಲಿ ಯಾರ ಗಡುವು ಮೊದಲೋ ಅವರಿಗೆ ಸರದಿ. ಚಿಕ್ಕ ತುತ್ತನ್ನು ಕೇಳಿದವರ ಗಡುವು ಬೇಗ ಬರುವುದು. ಆದರೆ ಒಟ್ಟು ಪಾಲು ಹೆಚ್ಚುವುದಿಲ್ಲ. ಎಷ್ಟು ಎಂಬ ಪ್ರಶ್ನೆಯಿಂದ ಯಾವಾಗ ಎಂಬ ಪ್ರಶ್ನೆಯು ಹೀಗೆ ಬೇರ್ಪಟ್ಟಿತು.

ಶೆಡ್ಯೂಲರಿನ ಮಾರ್ಪಾಡು ಪ್ರೊಸೆಸರಿನ ಮೂಲಶಕ್ತಿಗೆ ಒಂದು ಕ್ಷಣವನ್ನೂ ಸೇರಿಸದು. ಇರುವ ಕಾಲದಲ್ಲಿ ಯಾರು ಕಾಯಬೇಕೆಂಬುದನ್ನಷ್ಟೇ ಅದು ಬದಲಿಸುವುದು. ಆದುದರಿಂದ ಹೊಸ ಕ್ರಮವೊಂದು ಬಂದಾಗ ಒಟ್ಟು ವೇಗವನ್ನು ಮಾತ್ರ ಅಳೆದರೆ ಸಾಲದು. ಪಂಕ್ತಿಯ ಕೊನೆಯಲ್ಲಿ ಕುಳಿತವನು ಎಷ್ಟು ಹೊತ್ತು ಕಾದನೆಂಬುದನ್ನೂ ಅಳೆಯಬೇಕು.