ಪಲ್ಟಿ ನೇಗಿಲಿಗೆ ಜಾಕ್ ಕೂಡಿಸುವ ಮುನ್ನ

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಮೊದಲು ಉದ್ಯಮಬಾಗ, ಆಮೇಲೆ ಮಚ್ಛೆ. ಫೌಂಡ್ರಿ, ಲೇತ್, ಹೈಡ್ರಾಲಿಕ್ ವಾಲ್ವ್ ತಯಾರಿಸುವವರ ಸೀಮೆ ಇದು. ಸುರೇಶ ಹುಂದ್ರೆ ಕಟ್ಟಿದ ಹೈಡ್ರಾಲಿಕ್ ಕಂಪನಿ ಪಾಲಿಹೈಡ್ರಾನ್ ಇರುವುದೂ ಮಚ್ಛೆಯಲ್ಲೇ. ಕೈಯಿಂದ ಮಗುಚುವ ಪಲ್ಟಿ ನೇಗಿಲಿಗೆ ಜಾಕ್ ಕೂಡಿಸಿ, ಸೀಟಿನಿಂದ ಇಳಿಯದೆ ಲಿವರಿನಲ್ಲೇ ಮಗುಚುವಂತೆ ಮಾಡಿಸಲು ರೈತರಿಗೆ ದೂರ ಹೋಗಬೇಕಿಲ್ಲ. ಸಾಮಾನು ಹತ್ತಿರದಲ್ಲೇ ಸಿಗುತ್ತದೆ. ಅದರ ಜೊತೆಗೆ ಬರುವ ಪುಕ್ಕಟೆ ಸಲಹೆಗಳದ್ದೇ ತೊಂದರೆ.

"ಪ್ರೆಶರ್ ಏರಿಸಿದ್ರ ಜಾಕ್ ಜೋರ್ ಓಡತೈತಿ"

ಓಡುವುದಿಲ್ಲ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಜಾಕಿನ ವೇಗ ನಿಂತಿರುವುದು ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ದೂಡುತ್ತದೆ ಎಂಬುದರ ಮೇಲೆ. ಒತ್ತಡದಿಂದ ಬರುವುದು ಬಲ ಮಾತ್ರ. ಒಳವ್ಯಾಸ 50 ಮಿ.ಮೀ. ಇರುವ ಜಾಕ್ ತೆಗೆದುಕೊಳ್ಳಿ. ಅದರ ಪಿಸ್ಟನ್ನಿನ ಮೇಲ್ಮೈ ಸುಮಾರು 19.6 ಚದರ ಸೆಂ.ಮೀ. ಪಂಪು ನಿಮಿಷಕ್ಕೆ 20 ಲೀಟರ್ ಕೊಟ್ಟರೆ ದಂಡ ಸೆಕೆಂಡಿಗೆ 17 ಸೆಂ.ಮೀ. ಹೊರಬರುತ್ತದೆ. ಒತ್ತಡ 100 ಬಾರ್ ಇರಲಿ, 150 ಇರಲಿ, ಈ ವೇಗ ಹೆಚ್ಚುಕಡಿಮೆ ಅಷ್ಟೇ. 150 ಬಾರಿನಲ್ಲಿ ಆ ಜಾಕ್ ಸುಮಾರು 3 ಟನ್ ಬಲ ಕೊಡುತ್ತದೆ, 100 ಬಾರಿನಲ್ಲಿ 2 ಟನ್. ಒಳಗೆ ಎಳೆದುಕೊಳ್ಳುವಾಗ ದಂಡವೇ ಒಂದಿಷ್ಟು ಜಾಗ ತಿನ್ನುವುದರಿಂದ ಬಲ ಕಡಿಮೆ, ವೇಗ ಹೆಚ್ಚು. ಜಾಕ್ ಯಾವ ಬದಿಯಿಂದ ದುಡಿಯುತ್ತದೆ ಎಂದು ನೋಡದೆ ಕೂಡಿಸಿದರೆ, ಮಗುಚುವಾಗ ನೇಗಿಲು ಒಂದು ಕಡೆಗೆ ನಿಧಾನ ಹೋಗಿ ಇನ್ನೊಂದು ಕಡೆಗೆ ಧಡಾರನೆ ಬೀಳುವುದು ಇದರಿಂದಲೇ. ಅದಕ್ಕೆ ಮದ್ದು ಎಣ್ಣೆಯ ಹರಿವನ್ನು ಹಿಡಿಯುವ ಸಣ್ಣ ಥ್ರಾಟಲ್ ವಾಲ್ವ್. ರಿಲೀಫ್ ವಾಲ್ವಿನ ಸ್ಕ್ರೂ ಅಲ್ಲ.

ಆ ಸ್ಕ್ರೂ ತಿರುಗಿಸುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ರಿಲೀಫ್ ವಾಲ್ವ್ ಇರುವುದು ಜಾಕ್ ಕೊನೆ ಮುಟ್ಟಿದಾಗ, ಇಲ್ಲವೇ ಭಾರ ಮಿತಿ ಮೀರಿದಾಗ, ಎಣ್ಣೆಯನ್ನು ವಾಪಸ್ ಟ್ಯಾಂಕಿಗೆ ಬಿಡಲು. ಅದನ್ನು ಬಿಗಿದರೆ ಪಂಪಿನ ಸೀಲು, ರಬ್ಬರ್ ಪೈಪು, ಜಾಕಿನ ವೆಲ್ಡಿಂಗ್ ಈ ಮೂರರಲ್ಲಿ ಯಾವುದು ಬಲಹೀನವೋ ಅದು ಮೊದಲು ಹೋಗುತ್ತದೆ. ನೇಗಿಲು ಏಳುತ್ತಿಲ್ಲವೆಂದರೆ ಮೊದಲು ಫಿಲ್ಟರ್ ನೋಡಿ, ಎಣ್ಣೆಯ ಮಟ್ಟ ನೋಡಿ. ಮೀಟರ್ ಹಚ್ಚಿ ಅಳೆಯದೆ ಆ ಸ್ಕ್ರೂ ಮುಟ್ಟಲೇಬಾರದು.

"ಲಿಫ್ಟ್ ಐತಿ ಅಂದ್ಮ್ಯಾಲೆ ಹೈಡ್ರಾಲಿಕ್ ಐತಿ, ಬ್ಯಾರೆ ವಾಲ್ವ್ ಯಾಕ ಬೇಕು?"

ಟ್ರ್ಯಾಕ್ಟರಿನ ಲಿಫ್ಟಿಗೆ ಎಣ್ಣೆ ಎತ್ತಲು ಮಾತ್ರ ಬೇಕು. ಇಳಿಯುವುದು ಉಪಕರಣದ ಭಾರಕ್ಕೆ. ನೇಗಿಲನ್ನು ಎರಡೂ ಕಡೆ ಮಗುಚಬೇಕಾದರೆ ಜಾಕಿನ ಎರಡೂ ತುದಿಗೆ ಎಣ್ಣೆ ಹೋಗಬೇಕು, ಮರಳಿ ಬರಬೇಕು. ಹಾಗಾಗಿ ಬೇರೆ ಸ್ಪೂಲ್ ವಾಲ್ವ್, ಎರಡು ಪೈಪು, ಟ್ಯಾಂಕಿಗೆ ಮರಳುವ ದಾರಿ ಎಲ್ಲವೂ ಬೇಕು.

ಬೆಳಗಾವಿಯಲ್ಲಿ ಸುಲಭವಾಗಿ ಆಗಬಹುದಾದ ತಪ್ಪೊಂದಿದೆ. ಕಾರ್ಖಾನೆಯ ಪ್ರೆಸ್ಸಿಗೆಂದು ಮಾಡಿದ ಒಳ್ಳೆಯ ವಾಲ್ವ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಟ್ರ್ಯಾಕ್ಟರಿಗೆ ಹಾಕಿಸುವುದು. ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇರುವುದು ಗೇರ್ ಪಂಪು. ಎಂಜಿನ್ ತಿರುಗುವಷ್ಟು ಹೊತ್ತೂ ಅದು ಎಣ್ಣೆ ದೂಡುತ್ತಲೇ ಇರುತ್ತದೆ. ಲಿವರ್ ನಡುವೆ ನಿಂತಾಗ ಆ ಎಣ್ಣೆ ಸಲೀಸಾಗಿ ಮುಂದೆ ಸಾಗಬೇಕು, ಜಾಕಿನ ಎರಡೂ ಬಾಯಿ ಮಾತ್ರ ಮುಚ್ಚಿರಬೇಕು. ನಡುಸ್ಥಾನದಲ್ಲಿ ಎಲ್ಲ ದಾರಿಯೂ ಮುಚ್ಚುವ ವಾಲ್ವ್ ಹಾಕಿದರೆ ಎಣ್ಣೆ ಇಡೀ ದಿನ ರಿಲೀಫ್ ವಾಲ್ವನ್ನು ಒದ್ದುಕೊಂಡು ಹೋಗುತ್ತದೆ. ಎಣ್ಣೆ ಕಾಯುತ್ತದೆ, ಡೀಸೆಲ್ ಸುಮ್ಮನೆ ಉರಿಯುತ್ತದೆ, ಸೀಲುಗಳು ಸುಟ್ಟು ಗಟ್ಟಿಯಾಗುತ್ತವೆ. ವಾಲ್ವ್ ಕೆಟ್ಟದ್ದೇನಲ್ಲ, ಆದರೆ ಅದರ ಜಾಗ ಇದಲ್ಲ. ವಾಲ್ವ್ ಕೊಳ್ಳುವ ಮೊದಲು ಕೇಳಬೇಕಾದದ್ದು ಇದೇ ಪ್ರಶ್ನೆ: ನಡುವೆ ನಿಂತಾಗ ಎಣ್ಣೆ ಎಲ್ಲಿಗೆ ಹೋಗುತ್ತದೆ?

"ಹೈಡ್ರಾಲಿಕ್ ನೇಗಿಲು ಆಳ ಹೊಡಿತೈತಿ"

ಆ ಜಾಕಿನ ಕೆಲಸ ಮಗುಚುವುದಷ್ಟೇ. ಸಾಲಿನ ತುದಿಯಲ್ಲಿ ನೇಗಿಲು ಮಗುಚಿ ಅದೇ ಸಾಲಿನ ಪಕ್ಕದಲ್ಲಿ ವಾಪಸ್ ಬರಬಹುದು, ಮಣ್ಣು ಒಂದೇ ಕಡೆಗೆ ಬೀಳುತ್ತದೆ, ಹೊಲದ ನಡುವೆ ತಗ್ಗು ಉಳಿಯುವುದಿಲ್ಲ. ಲಾಭ ಇಷ್ಟು, ಇದು ಸಣ್ಣದೂ ಅಲ್ಲ. ಆಳ ನಿರ್ಧಾರವಾಗುವುದು ಟ್ರ್ಯಾಕ್ಟರಿನ ಶಕ್ತಿ, ಮಣ್ಣಿನ ಹದ, ಟಾಪ್ ಲಿಂಕ್ ಮತ್ತು ಡ್ರಾಫ್ಟ್ ಲಿವರಿನಿಂದ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ ಏರ್ಪಾಟು ಅದು. ನೆಲ ಗಟ್ಟಿಯಾಗಿ ಎಳೆತ ಹೆಚ್ಚಿದರೆ ಲಿಫ್ಟ್ ತಾನಾಗಿ ನೇಗಿಲನ್ನು ತುಸು ಎತ್ತುತ್ತದೆ, ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಡ್ರಾಫ್ಟ್ ಲಿವರನ್ನು ಮುಟ್ಟದೆ ಪೊಸಿಷನ್ ಲಿವರಿನಲ್ಲೇ ಉಳುವವರು ಕೈಯಲ್ಲಿರುವುದನ್ನು ಬಿಟ್ಟು ಹೊಸ ಜಾಕಿಗೆ ದುಡ್ಡು ಸುರಿಯುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಬದುಗಳ ನಡುವಿನ ಖಾನಾಪುರದ ಸಣ್ಣ ಭತ್ತದ ಗದ್ದೆಗಳಿಗಂತೂ ಈ ಖರ್ಚು ಬೇಕೇ ಎಂದು ಎರಡು ಸಲ ಯೋಚಿಸಬೇಕು. ಕಬ್ಬಿನ ದೊಡ್ಡ ಹೊಲದ ಮಾತು ಬೇರೆ.

ಎಣ್ಣೆಯ ವಿಷಯ ಚಿಕ್ಕದು. "ಯಾವ್ದಾದ್ರೂ ಎಣ್ಣಿ ನಡಿತೈತಿ" ಎಂಬುದು ಸುಳ್ಳು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಎಣ್ಣೆಯಲ್ಲಿ ಮುಳುಗಿದ ಬ್ರೇಕು, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ, ಅದು ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ನಿಂತ ಟ್ರ್ಯಾಕ್ಟರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಿ. ಪೈಪಿನ ಕಪ್ಲಿಂಗ್ ಕೂಡಿಸುವ ಮುನ್ನ ಮಣ್ಣು ಒರೆಸಿ.

"ಲಿವರ್ ನಡುವ ಇಟ್ರ ಲಾಕ್ ಆಗತೈತಿ"

ಇದನ್ನು ನಂಬಿ ಎತ್ತಿದ ಟ್ರಾಲಿಯ ಕೆಳಗೆ ನುಸುಳುವವರಿದ್ದಾರೆ. ಸ್ಪೂಲ್ ವಾಲ್ವಿನ ಒಳಗೆ ಎಣ್ಣೆ ತುಸು ತುಸು ಸೋರುವುದು ಸಹಜ. ಪೈಪ್ ಒಡೆದರೆ ಭಾರ ಒಂದೇ ಸಲಕ್ಕೆ ಕೆಳಗೆ. ಟ್ರಾಲಿಗೆ ಕಬ್ಬಿಣದ ಊರೆಗೋಲು ಕೊಡದೆ, ನೇಗಿಲನ್ನು ನೆಲಕ್ಕೆ ಇಳಿಸದೆ, ಕೆಳಗೆ ಕೈ ಹಾಕಬೇಡಿ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಪೈಪಿನ ಮೇಲೆ ಬೆರಳಾಡಿಸಿ ಹುಡುಕುವುದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿದ್ದರೂ ಚರ್ಮ ಭೇದಿಸಿ ಒಳಗಿನ ಮಾಂಸಕ್ಕೆ ಇಳಿಯುತ್ತದೆ. ಮೊದಲಿಗೆ ನೋವು ಅಷ್ಟಿರುವುದಿಲ್ಲ, ಗಾಯ ಮುಳ್ಳು ಚುಚ್ಚಿದಂತೆ ಕಾಣುತ್ತದೆ. ಕೆಲವು ಗಂಟೆಗಳಲ್ಲಿ ಕೈ ಊದಿಕೊಳ್ಳುತ್ತದೆ. ತಡವಾದರೆ ಬೆರಳನ್ನೇ ತೆಗೆಯಬೇಕಾದೀತು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಎಣ್ಣೆ ಚರ್ಮದೊಳಗೆ ಹೊಕ್ಕಿತೆಂಬ ಅನುಮಾನ ಬಂದರೂ ಸಾಕು, ಅರಿಶಿನ ಹಚ್ಚಿ ಕೂರದೆ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಅದೇ ಹೊತ್ತಿಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒತ್ತಡದಿಂದ ಒಳಗೆ ಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಿ.